ಸ್ಮಾರಕ ದತ್ತಿಯೂ ಆಯ್ಕೆಯ ಹೊಣೆಯೂ

ನಮ್ಮ ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿಯೂ ವಿಶ್ವವಿದ್ಯಾನಿಲಯಗಳ ಘಟಿಕೋತ್ಸವಗಳಲ್ಲಿಯೂ ದತ್ತಿ ಬಹುಮಾನಗಳ ಪಟ್ಟಿಯನ್ನು ಓದುವಾಗ ಸಭೆಗೆ ಕೇಳಿಬರುವ ಹೆಸರುಗಳು ಎರಡು ಬಗೆಯವು: ಯಾರ ನೆನಪಿಗಾಗಿ ದತ್ತಿಯನ್ನು ಇಟ್ಟರೋ ಅವರ ಹೆಸರು ಒಂದು, ಅದನ್ನು ಪಡೆಯುವ ವಿದ್ಯಾರ್ಥಿಯ ಹೆಸರು ಇನ್ನೊಂದು. ಆ ವಿದ್ಯಾರ್ಥಿಯನ್ನು ಆರಿಸಿದವರ ಹೆಸರು ಮಾತ್ರ ಎಂದೂ ಕೇಳಿಬರುವುದಿಲ್ಲ; ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ಯಾರೂ ಯಾರನ್ನೂ ಆರಿಸಿರುವುದಿಲ್ಲ. ಪರೀಕ್ಷೆಯ ಫಲಿತಾಂಶ ಬರುತ್ತದೆ. ಕಚೇರಿಯ ಗುಮಾಸ್ತರು ದತ್ತಿಪತ್ರದ ಷರತ್ತನ್ನು ನೋಡಿ, ಭೌತಶಾಸ್ತ್ರದಲ್ಲಿಯೋ ರಸಾಯನಶಾಸ್ತ್ರದಲ್ಲಿಯೋ ಅತ್ಯಧಿಕ ಅಂಕಗಳನ್ನು ಪಡೆದವರ ಹೆಸರನ್ನು ಅದರ ಮುಂದೆ ಬರೆಯುತ್ತಾರೆ. ಪ್ರಾಂಶುಪಾಲರು ರುಜು ಹಾಕುತ್ತಾರೆ. ಒಬ್ಬರೇ ವಿದ್ಯಾರ್ಥಿ ಹತ್ತು ಹನ್ನೆರಡು ಪದಕಗಳನ್ನು ಕೊರಳಿಗೆ ಹಾಕಿಕೊಂಡು ನಿಂತಿರುವ ಚಿತ್ರ ಮಾರನೆಯ ದಿನದ ಪತ್ರಿಕೆಗಳಲ್ಲಿ ಅಚ್ಚಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ವಿದ್ಯಾರ್ಥಿಯ ಪರಿಶ್ರಮ ಸರ್ವಥಾ ಶ್ಲಾಘ್ಯವಾದುದು. ಆದರೆ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ವ್ಯಕ್ತಿಗಳ ಸ್ಮರಣೆಗೆಂದು, ಬೇರೆಬೇರೆ ಕುಟುಂಬಗಳೂ ಶಿಷ್ಯವರ್ಗಗಳೂ ಕೂಡಿಸಿಟ್ಟ ಹತ್ತು ನಿಧಿಗಳು ಒಂದೇ ಅಂಕಪಟ್ಟಿಯನ್ನು ಹತ್ತು ಸಲ ಕೊಂಡಾಡುವುದರಲ್ಲಿ ಸವೆದುಹೋಗುವುದಾದರೆ, ದತ್ತಿಯ ಉದ್ದೇಶ ಅದರಿಂದ ನೆರವೇರಿತೆ ಎಂಬುದನ್ನು ವಿಚಾರಮಾಡಬೇಕಾಗುತ್ತದೆ.

ವಿದ್ಯೆಗಾಗಿ ದತ್ತಿ ಬಿಡುವುದು ಈ ನಾಡಿಗೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ ಶಾಸನವೊಂದಿದೆ. ನಾರಾಯಣನೆಂಬ ಮಂತ್ರಿ ಅಲ್ಲಿ ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಸೇರುತ್ತಿದ್ದರೆಂದೂ, ಅವರ ವಸತಿಗಾಗಿ 27 ಮನೆಗಳಿದ್ದುವೆಂದೂ, ಊರವರು ತಮ್ಮ ಮದುವೆ ಮುಂಜಿಗಳಂಥ ಶುಭಕಾರ್ಯಗಳ ಸಂದರ್ಭದಲ್ಲಿ ಇಂತಿಷ್ಟು ಹಣವನ್ನು ಶಾಲೆಗೆ ಸಲ್ಲಿಸಬೇಕೆಂದು ಗೊತ್ತುಮಾಡಿಕೊಂಡಿದ್ದರೆಂದೂ ಅದರಿಂದ ತಿಳಿದುಬರುತ್ತದೆ. ಆ ಕಾಲದ ವಿದ್ಯೆಯ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬ ಪ್ರಶ್ನೆ ಬೇರೆ. ಅದಕ್ಕೆ ಹೆಮ್ಮೆಪಡುವಂಥ ಉತ್ತರ ನಮ್ಮಲ್ಲಿಲ್ಲ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಆ ದತ್ತಿ ಕಲಿಯಲು ಬಂದವನನ್ನು ಕಲಿಯುವಷ್ಟು ಕಾಲ ಪೋಷಿಸುವುದಕ್ಕಾಗಿ ಹುಟ್ಟಿದ್ದು, ಕಲಿತು ಮುಗಿಸಿದವರಲ್ಲಿ ಮೇಲು ಯಾರೆಂದು ಸಾರುವುದಕ್ಕಾಗಿ ಹುಟ್ಟಿದ್ದಲ್ಲ. ವಾರಾನ್ನದ ಮನೆಗಳೂ ಮಠಗಳ ಉಚಿತ ವಿದ್ಯಾರ್ಥಿನಿಲಯಗಳೂ ಇದೇ ಸಂಕಲ್ಪದಿಂದ ಬೆಳೆದು ಬಂದವು. ಶ್ರೇಣಿಯನ್ನು ಪೂಜಿಸುವ ದತ್ತಿ ತಡವಾಗಿ ಬಂದುದು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಶ್ವವಿದ್ಯಾನಿಲಯಗಳೂ ಅವುಗಳ ಸಾರ್ವಜನಿಕ ಪರೀಕ್ಷೆಗಳೂ ನೆಲೆಗೊಂಡ ಮೇಲೆ ಹುಟ್ಟಿದುದು.

ತಡವಾಗಿ ಬಂದಿತೆಂಬ ಕಾರಣಕ್ಕೆ ಅದನ್ನು ಹೀಗಳೆಯುವುದು ನ್ಯಾಯವಲ್ಲ. ಅಂಕಗಳನ್ನು ನೆಚ್ಚಿಕೊಂಡವರಿಗೆ ಬಲವಾದ ಕಾರಣವಿತ್ತು. ಆ ಕಾರಣದ ಹೆಸರು ಪಕ್ಷಪಾತದ ಭಯ. ಕುಲ, ಪರಿಚಯ, ಶಿಫಾರಸು, ಮುಖಸ್ತುತಿ ಇವುಗಳಿಂದಲೇ ಎಲ್ಲವೂ ನಡೆಯುತ್ತಿದ್ದ ಸಮಾಜದಲ್ಲಿ, ಬರೆದವನ ಹೆಸರನ್ನೂ ಮುಖವನ್ನೂ ಕಾಣದ ಪರೀಕ್ಷಕನು ಕೊಟ್ಟ ಸಂಖ್ಯೆ ದಿಕ್ಕಿಲ್ಲದವರ ಪಾಲಿಗೆ ದೊಡ್ಡ ಆಸರೆಯಾಗಿತ್ತು. ವಿವೇಚನೆಯ ಹೆಸರಿನಲ್ಲಿ ಅನ್ಯಾಯ ನಡೆಯಬಹುದೆಂಬುದಕ್ಕೆ ನಿದರ್ಶನವನ್ನು ಹುಡುಕಿಕೊಂಡು ನಾವು ಬೆಂಗಳೂರನ್ನು ಬಿಟ್ಟು ಹೋಗಬೇಕಾಗಿಲ್ಲ. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲಿಗಳಾಗಿ ತೇರ್ಗಡೆಯಾದ ಕಮಲಾ ಭಾಗವತ್, ಮುಂದೆ ಕಮಲಾ ಸೋಹೋನಿ ಎಂದು ಪ್ರಸಿದ್ಧರಾದವರು, ಭಾರತೀಯ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಆಕೆ ಹೆಂಗಸೆಂಬ ಒಂದೇ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸಿದರು. ಆಕೆ ಹಟ ಹಿಡಿದು ನಿಂತ ಮೇಲೆ, ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿಸಿಕೊಂಡುದಾಯಿತು. ಆಕೆ ಅಲ್ಲಿನ ಸಂಶೋಧನೆಯನ್ನು ಗೌರವದಿಂದ ಮುಗಿಸಿ, 1939ರಲ್ಲಿ ಕೇಂಬ್ರಿಡ್ಜಿನ ಡಾಕ್ಟರೇಟನ್ನೂ ಪಡೆದರು. ರಾಮನ್ನರಂಥ ದ್ರಷ್ಟಾರರ ಕಣ್ಣಿಗೂ ಪೂರ್ವಗ್ರಹದ ಪೊರೆ ಮುಚ್ಚಬಹುದಾದರೆ, ಸಾಮಾನ್ಯ ಸಮಿತಿಗಳ ಪಾಡೇನು? ಆ ಹೊತ್ತಿನಲ್ಲಿ ಆಕೆಯ ಕೈಯಲ್ಲಿ ಯಾರೂ ಅಲ್ಲಗಳೆಯಲಾರದ ಪ್ರಮಾಣವೊಂದಿದ್ದರೆ ಅದು ಆ ಪ್ರಥಮ ಸ್ಥಾನವೇ. ಅಂಕವನ್ನು ಟೀಕಿಸಹೊರಟವನು ಮೊದಲು ಈ ಋಣವನ್ನು ಒಪ್ಪಿಕೊಂಡು ಮುಂದೆ ನಡೆಯಬೇಕು.

ಒಪ್ಪಿಕೊಂಡ ಮೇಲೆ ಇನ್ನೊಂದು ನಿದರ್ಶನವನ್ನೂ ನೋಡೋಣ. 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನದೊಡನೆ ಸೇರಿದ ಶ್ರೀನಿವಾಸ ರಾಮಾನುಜನ್, ಗಣಿತವೊಂದನ್ನುಳಿದು ಮಿಕ್ಕ ವಿಷಯಗಳನ್ನು ಉಪೇಕ್ಷಿಸಿದುದರಿಂದ ಆ ವೇತನವನ್ನು ಕಳೆದುಕೊಂಡರು. ಬಳಿಕ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಓದಿಯೂ ಮದರಾಸು ವಿಶ್ವವಿದ್ಯಾನಿಲಯದ ಎಫ್.ಎ. (ಫಸ್ಟ್ ಆರ್ಟ್ಸ್) ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ನಿಯಮವನ್ನು ಅನ್ವಯಿಸಿದವರು ನಿಯಮದಂತೆ ಸರಿಯಾಗಿಯೇ ನಡೆದುಕೊಂಡರು. ಅವರಲ್ಲಿ ಯಾರನ್ನೂ ದೂರುವಂತಿಲ್ಲ. ಹಾಗಿದ್ದೂ ಶತಮಾನಕ್ಕೊಮ್ಮೆ ಹುಟ್ಟುವ ಪ್ರತಿಭೆಯೊಂದು ಕೆಲವು ವರ್ಷಗಳ ಕಾಲ ಅನ್ನಕ್ಕಾಗಿ ಅಲೆಯುವಂತಾಯಿತು. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಗಳ ಗುಮಾಸ್ತೆಗಿರಿ ದೊರೆತುದೇ ಭಾಗ್ಯವೆನಿಸಿತು. ಮರುವರ್ಷ, ಗಣಿತಜ್ಞ ಗಿಲ್ಬರ್ಟ್ ವಾಕರ್ ಮೊದಲಾದವರು ಅವರ ಟಿಪ್ಪಣಿ ಪುಸ್ತಕಗಳನ್ನು ಕಂಡು ಶಿಫಾರಸು ಮಾಡಿದಾಗ, ಅದೇ ಮದರಾಸು ವಿಶ್ವವಿದ್ಯಾನಿಲಯ, ಪದವಿಯಿಲ್ಲದವನಿಗೆ ಸಂಶೋಧನ ವೇತನವನ್ನು ಕೊಡಲು ತನ್ನ ನಿಯಮಗಳಲ್ಲಿ ಅವಕಾಶವಿಲ್ಲದಿದ್ದರೂ, ತಿಂಗಳಿಗೆ 75 ರೂಪಾಯಿಗಳಂತೆ ಎರಡು ವರ್ಷಗಳ ವೇತನವನ್ನು ಮಂಜೂರುಮಾಡಿತು. ಪ್ರತಿಯಾಗಿ ಕೇಳಿದುದು ಮೂರು ತಿಂಗಳಿಗೊಮ್ಮೆ ನಡೆದ ಕೆಲಸದ ವರದಿಯನ್ನು ಮಾತ್ರ. ಒಂದೇ ವ್ಯಕ್ತಿಗೆ ದೊರೆತ ಎರಡು ವೇತನಗಳಿವು. ಮೊದಲನೆಯದನ್ನು ಅಂಕಪಟ್ಟಿ ಕಿತ್ತುಕೊಂಡಿತು. ಎರಡನೆಯದನ್ನು, ಕೆಲಸವನ್ನು ಕಣ್ಣಾರೆ ಕಂಡವರು ತಮ್ಮ ಹೆಸರನ್ನು ಪಣವಾಗಿಟ್ಟು ಕೊಡಿಸಿದರು.

ಈ ಕಥೆಯ ನಡುವೆ ನಮ್ಮ ಬೆಂಗಳೂರಿನವರೊಬ್ಬರು ಬರುತ್ತಾರೆ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎಂ. ಟಿ. ನಾರಾಯಣ ಅಯ್ಯಂಗಾರ್ಯರು ಭಾರತೀಯ ಗಣಿತ ಸಂಘದ ಪತ್ರಿಕೆಗೆ ಸಂಪಾದಕರಾಗಿದ್ದರು. ರಾಮಾನುಜನ್ನರ ಮೊದಲ ಪ್ರಬಂಧ 1911ರಲ್ಲಿ ಪ್ರಕಟವಾದುದು ಆ ಪತ್ರಿಕೆಯಲ್ಲಿಯೇ. ಆ ಬರವಣಿಗೆ ತೀರ ಅಡಕವಾಗಿಯೂ, ವಿಧಾನ ತೀರ ಹೊಸದಾಗಿಯೂ, ನಿರೂಪಣೆ ಸಾಮಾನ್ಯ ಓದುಗನಿಗೆ ಅಸ್ಪಷ್ಟವಾಗಿಯೂ ಇದ್ದುದರಿಂದ ಸಂಪಾದಕರು ಹಸ್ತಪ್ರತಿಯನ್ನು ತಿದ್ದಿಸಿ ತಿದ್ದಿಸಿ ಅಚ್ಚಿಗೆ ಸಿದ್ಧಗೊಳಿಸಬೇಕಾಯಿತು. ಅಯ್ಯಂಗಾರ್ಯರು ಅದನ್ನು ಹಿಂದಕ್ಕೆ ಕಳುಹಿಸಿ ಕೈತೊಳೆದುಕೊಂಡಿದ್ದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ, ಎಫ್.ಎ. ಪರೀಕ್ಷೆಯನ್ನೂ ದಾಟದ ನಿರುದ್ಯೋಗಿ ಯುವಕನೊಬ್ಬನ ಲೇಖನವನ್ನು ತಿರಸ್ಕರಿಸಿದುದಕ್ಕೆ ಯಾರೂ ಅವರನ್ನು ಪ್ರಶ್ನಿಸುತ್ತಿರಲಿಲ್ಲ. ಅವರು ಕೆಲಸವನ್ನು ನೋಡಿದರು. ಅದರ ಲೋಪವನ್ನೂ ಕಂಡರು, ಲೋಪದ ಹಿಂದಿದ್ದ ಸತ್ತ್ವವನ್ನೂ ಕಂಡರು.

ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತಕ್ಕೆ ಎಂ. ಟಿ. ನಾರಾಯಣ ಅಯ್ಯಂಗಾರ್ ಬಹುಮಾನವೆಂಬುದೊಂದು ಏರ್ಪಟ್ಟಿತು. ಅದನ್ನು ಪಡೆದವರಲ್ಲಿ ರಾಜೇಶ್ವರಿ ಚಟರ್ಜಿಯವರು ಒಬ್ಬರು. ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿನಿಯಾಗಿ ಬಿ.ಎಸ್‌ಸಿ.ಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಬಹುಮಾನವನ್ನೂ ಎಂ.ಎಸ್‌ಸಿ.ಯಲ್ಲಿ ಈ ಬಹುಮಾನದ ಜತೆಗೆ ವಾಲ್ಟರ್ಸ್ ಸ್ಮಾರಕ ಬಹುಮಾನವನ್ನೂ ಗಳಿಸಿದ ಅವರು, ವಿಜ್ಞಾನ ಮಂದಿರವನ್ನು ಸೇರಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್‌ಗೆ ಹೋದರು. ಅಲ್ಲಿ ಏಷ್ಯದ ಸ್ತ್ರೀಯರಿಗೆಂದೇ ಮೀಸಲಾಗಿದ್ದ ಬಾರ್ಬರ್ ವೇತನ ಅವರ ಡಾಕ್ಟರೇಟಿಗೆ ನೆರವಾಯಿತು. 1953ರಲ್ಲಿ ಹಿಂದಿರುಗಿ ಬಂದು ಮೈಕ್ರೋವೇವ್ ಎಂಜಿನಿಯರಿಂಗ್ ಶಾಸ್ತ್ರಕ್ಕೆ ಈ ನಾಡಿನಲ್ಲಿ ಬುನಾದಿ ಹಾಕಿದವರಲ್ಲೊಬ್ಬರಾದರು. ಪರೀಕ್ಷೆಯಲ್ಲಿ ಮೊದಲಿಗರಾದವರು ಶಾಸ್ತ್ರದಲ್ಲಿಯೂ ಮುಂದಾಳುಗಳಾಗಬಲ್ಲರೆಂಬುದಕ್ಕೆ ಅವರ ಜೀವನವೇ ಸಾಕ್ಷಿ. ಆದುದರಿಂದ ಮೊದಲಿಗರಿಗೆ ಬಹುಮಾನ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಾನು ಕೇಳುವುದಿಷ್ಟೆ: ಅಯ್ಯಂಗಾರ್ಯರ ಹೆಸರಿನಲ್ಲಿರುವ ಬಹುಮಾನಕ್ಕೆ ಅಯ್ಯಂಗಾರ್ಯರ ಕಣ್ಣೂ ಇರಬೇಡವೆ? ಪರೀಕ್ಷೆಗಳಲ್ಲಿ ಸೋತವನ ಹಸ್ತಪ್ರತಿಯಲ್ಲಿ ಪ್ರತಿಭೆಯನ್ನು ಗುರುತಿಸಿದ ಅಧ್ಯಾಪಕರ ಸ್ಮಾರಕವು ಪರೀಕ್ಷೆಯ ಅಂಕವನ್ನಲ್ಲದೆ ಬೇರೇನನ್ನೂ ನೋಡಲೊಲ್ಲದಾದರೆ, ನಾವು ಅವರ ಹೆಸರನ್ನು ಉಳಿಸಿಕೊಂಡು ಗುಣವನ್ನು ಮರೆತಂತಾಗಲಿಲ್ಲವೆ?

ಈ ಗೊಂದಲಕ್ಕೆ ಮೂಲವೆಂದರೆ, ಪ್ರಶಸ್ತಿ ಮತ್ತು ವಿದ್ಯಾರ್ಥಿವೇತನ ಎಂಬ ಎರಡು ಭಿನ್ನ ವಸ್ತುಗಳನ್ನು ನಾವು ಒಂದೇ ಎಂದು ಭಾವಿಸಿರುವುದು. ಪ್ರಶಸ್ತಿ ಆಗಿಹೋದ ಸಾಧನೆಗೆ ಸಲ್ಲುವ ಗೌರವ. ಅದಕ್ಕೆ ಸಾಧನೆಯ ಅಳತೆ ಬೇಕು, ಆ ಅಳತೆಗೆ ಅಂಕಗಳು ಬಹುಮಟ್ಟಿಗೆ ಸಾಕು. ವಿದ್ಯಾರ್ಥಿವೇತನವಾದರೋ ಇನ್ನೂ ಆಗದಿರುವ ಸಾಧನೆಯಲ್ಲಿ ಇಡುವ ವಿಶ್ವಾಸ. ಅದಕ್ಕೆ ಅಳತೆಗಿಂತ ಹೆಚ್ಚಾಗಿ ತೀರ್ಮಾನ ಬೇಕು. ಕಣದಲ್ಲಿ ರಾಶಿಯನ್ನು ಅಳೆಯುವವನ ಕೈಚಳಕವೇ ಬೇರೆ, ಮುಂದಿನ ವರ್ಷದ ಬಿತ್ತನೆಗೆ ಬೀಜವನ್ನು ಆರಿಸುವವನ ಕಣ್ಣೇ ಬೇರೆ. ಜಮ್‌ಸೇಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ನಿಧಿ ಈ ಭೇದವನ್ನು ಸ್ಪಷ್ಟವಾಗಿ ಅರಿತಿತ್ತು. ಅದು ಉಚ್ಚ ವ್ಯಾಸಂಗಕ್ಕೆ ವಿದೇಶಕ್ಕೆ ಹೋಗುವವರಿಗೆ ಹಣವನ್ನು ದಾನವಾಗಿ ಕೊಡದೆ ಸಾಲವಾಗಿ ಕೊಟ್ಟಿತು. ಅವರು ದುಡಿದು ಹಿಂದಿರುಗಿಸಿದ ಹಣ ಮುಂದಿನ ಪೀಳಿಗೆಗೆ ಒದಗಿತು. ಅದರ ಮೊದಲ ಫಲಾನುಭವಿಗಳು ಫ್ರೀನಿ ಕಾಮಾ ಮತ್ತು ಕೃಷ್ಣಾಬಾಯಿ ಕೆಳವಕರ್ ಎಂಬ ಇಬ್ಬರು ವೈದ್ಯ ಮಹಿಳೆಯರು. ಹೆಂಗಸರು ಕಾಲೇಜಿನ ಮೆಟ್ಟಿಲು ಹತ್ತುವುದೇ ವಿರಳವಾಗಿದ್ದ ಆ ಕಾಲದಲ್ಲಿ ಈ ಆಯ್ಕೆ ಯಾವ ಅಂಕಪಟ್ಟಿಯಿಂದ ತಾನಾಗಿ ಉದುರಿ ಬೀಳುತ್ತಿತ್ತು? ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಲಂಡನ್ನಿಗೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದುದೂ ಇದೇ ನಿಧಿಯ ನೆರವಿನಿಂದ.

ವಿಜ್ಞಾನದ ವಿದ್ಯಾರ್ಥಿಗಳ ವಿಷಯದಲ್ಲಿ ಈ ಭೇದ ಮತ್ತಷ್ಟು ಮುಖ್ಯವಾಗುತ್ತದೆ. ಲಿಖಿತ ಪರೀಕ್ಷೆ ಅಳೆಯುವುದು ಗ್ರಹಿಕೆಯನ್ನು, ಸ್ಮರಣೆಯನ್ನು, ಮೂರು ಗಂಟೆಗಳಲ್ಲಿ ತಪ್ಪಿಲ್ಲದೆ ಬರೆಯುವ ಶಕ್ತಿಯನ್ನು. ವಿಜ್ಞಾನ ಇವನ್ನು ಬೇಡುತ್ತದೆ ನಿಜ. ಆದರೆ ಇವುಗಳ ಮೇಲೆ ತಾಳ್ಮೆಯನ್ನೂ ಕೈಯ ಹದವನ್ನೂ ಸಂಶಯಪಡುವ ಧೈರ್ಯವನ್ನೂ, ಎಲ್ಲಕ್ಕಿಂತ ಮಿಗಿಲಾಗಿ, ಕಂಡದ್ದನ್ನು ಕಂಡಂತೆ ಬರೆಯುವ ಸತ್ಯನಿಷ್ಠೆಯನ್ನೂ ಬೇಡುತ್ತದೆ. ನಮ್ಮ ಪ್ರಯೋಗಶಾಲೆಗಳನ್ನು ಬಲ್ಲವರಿಗೆಲ್ಲ ತಿಳಿದಿರುವ ಸಂಗತಿಯೊಂದಿದೆ. ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗದಲ್ಲಿ ಉತ್ತರ 9.8 ಬರಬೇಕೆಂಬುದು ತರಗತಿಗೆಲ್ಲ ಮೊದಲೇ ಗೊತ್ತು. ಆದುದರಿಂದ ಅಳತೆಗಳನ್ನು ಉತ್ತರದಿಂದ ಹಿಮ್ಮುಖವಾಗಿ ಲೆಕ್ಕಹಾಕಿ ರೆಕಾರ್ಡ್ ಪುಸ್ತಕವನ್ನು ತುಂಬಿಸುವ ಜಾಣರಿಗೆ ಪೂರ್ಣಾಂಕ. ತನ್ನ ಕೈಗೆ 9.3 ಬಂದಿತೆಂದು ಹಾಗೆಯೇ ಬರೆದು, ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆದೆನೋ ಇಲ್ಲವೋ, ಆಂದೋಲನಗಳನ್ನು ಎಣಿಸುವಲ್ಲಿ ಒಂದು ತಪ್ಪಿತೋ ಎಂದು ಯೋಚಿಸುತ್ತ ಸಂಜೆಯವರೆಗೆ ಮೇಜಿನ ಬಳಿ ಉಳಿಯುವ ಹುಡುಗಿಗೆ ಎರಡು ಅಂಕ ಕಡಮೆ. ಇವರಿಬ್ಬರಲ್ಲಿ ನಾಳೆಯ ವಿಜ್ಞಾನಿ ಯಾರೆಂಬುದನ್ನು ಅಂಕಪಟ್ಟಿ ಹೇಳಲಾರದು. ಅಲ್ಲಿಯೇ ಅಡ್ಡಾಡುತ್ತಿರುವ ಅಧ್ಯಾಪಕರು ಹೇಳಬಲ್ಲರು; ಆದರೆ ಅವರನ್ನು ಯಾರೂ ಕೇಳುವುದಿಲ್ಲ.

ಕೇಳುವ ಪ್ರಯತ್ನ ರಾಷ್ಟ್ರಮಟ್ಟದಲ್ಲಿ ನಡೆದಿತ್ತು. 1963ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮರುವರ್ಷ ದೇಶಕ್ಕೆಲ್ಲ ವಿಸ್ತರಿಸಿದ ರಾಷ್ಟ್ರೀಯ ವಿಜ್ಞಾನ ಪ್ರತಿಭಾನ್ವೇಷಣೆಯಲ್ಲಿ 350 ವೇತನಗಳಿದ್ದುವು. ಲಿಖಿತ ಪರೀಕ್ಷೆಯ ಜತೆಗೆ ವಿದ್ಯಾರ್ಥಿ ಸ್ವತಃ ಮಾಡಿದ ಕೆಲಸದ ವರದಿಯನ್ನೂ ಸಂದರ್ಶನವನ್ನೂ ಆಯ್ಕೆಗೆ ಆಧಾರವಾಗಿ ಇಟ್ಟುಕೊಂಡಿದ್ದರು. 1999ರಲ್ಲಿ ಆರಂಭವಾಗಿ, ಬೆಂಗಳೂರಿನ ವಿಜ್ಞಾನ ಮಂದಿರದ ಆಶ್ರಯದಲ್ಲಿ ನಡೆದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯೂ ಬಹುಕಾಲ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಿತು. 2022ರಲ್ಲಿ ಅದು ಕೇಂದ್ರ ಸರ್ಕಾರದ ಇನ್ಸ್‌ಪೈರ್ ಯೋಜನೆಯೊಡನೆ ವಿಲೀನವಾಯಿತು; ಇನ್ಸ್‌ಪೈರ್ ವಿದ್ಯಾರ್ಥಿವೇತನದ ಮುಖ್ಯ ಆಧಾರ ಹನ್ನೆರಡನೆಯ ತರಗತಿಯ ಮಂಡಳಿ ಪರೀಕ್ಷೆಯಲ್ಲಿ ಶೇಕಡಾ ಒಂದರಷ್ಟು ಮೇಲಿನವರ ಸಾಲಿನಲ್ಲಿರುವುದು. ಲಕ್ಷಾಂತರ ಮಂದಿಯ ನಡುವೆ ಸಾವಿರಾರು ಮಂದಿಯನ್ನು ಆರಿಸಬೇಕಾದ ಸರ್ಕಾರ ಸಂಖ್ಯೆಯ ಮೊರೆಹೋಗುವುದು ಅನಿವಾರ್ಯವೆಂದೇ ಒಪ್ಪೋಣ. ಆದರೆ ಜಿಲ್ಲೆಯ ಊರೊಂದರ ಕಾಲೇಜಿನಲ್ಲಿ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರೊಬ್ಬರ ನೆನಪಿಗೆ ಶಿಷ್ಯರು ಕೂಡಿಸಿಟ್ಟ ಒಂದು ದತ್ತಿಗೆ ಈ ಅನಿವಾರ್ಯತೆ ಎಲ್ಲಿಯದು? ಅರ್ಹರಾದವರು ಹತ್ತು ಹದಿನೈದು ಮಂದಿ. ಮೂರು ವರ್ಷಗಳಿಂದ ಅಧ್ಯಾಪಕರ ಕಣ್ಣೆದುರಿನಲ್ಲಿಯೇ ಬೆಳೆದವರು. ಸರ್ಕಾರ ಎಷ್ಟು ಹಣ ಚೆಲ್ಲಿದರೂ ಕೊಳ್ಳಲಾರದ ಸಾಧನವೊಂದು ಸಣ್ಣ ದತ್ತಿಗೆ ಸಹಜವಾಗಿಯೇ ಲಭ್ಯವಾಗಿದೆ: ಅದು ಪ್ರತ್ಯಕ್ಷ ಪರಿಚಯ. ಆ ಸಾಧನವನ್ನು ಬದಿಗಿಟ್ಟು, ಸರ್ಕಾರ ಅನಿವಾರ್ಯದಿಂದ ಮಾಡುವುದನ್ನು ನಾವು ಆಲಸ್ಯದಿಂದ ಮಾಡುತ್ತಿದ್ದೇವೆ.

ಪರಿಚಯವೆಂದೊಡನೆ ಪಕ್ಷಪಾತದ ಆಕ್ಷೇಪ ಮತ್ತೆ ತಲೆಯೆತ್ತುತ್ತದೆ. ಇದಕ್ಕೆ ಪರಿಹಾರ ವಿವೇಚನೆಯನ್ನು ಬಹಿಷ್ಕರಿಸುವುದರಲ್ಲಿಲ್ಲ, ಅದನ್ನು ಉತ್ತರದಾಯಿಯಾಗಿ ಮಾಡುವುದರಲ್ಲಿದೆ. ಅಂಕಗಳನ್ನು ಬಾಗಿಲಾಗಿ ಇಟ್ಟುಕೊಳ್ಳಬಹುದು: ಇಂತಿಷ್ಟು ಪಡೆದವರೆಲ್ಲರೂ ಒಳಗೆ ಬರಲಿ. ಒಳಗೆ ಬಂದ ಮೇಲೆ ಅರ್ಧ ಅಂಕದ ಹೆಚ್ಚುಕಡಮೆಗೆ ಯಾವ ಅರ್ಥವೂ ಇಲ್ಲವೆಂಬುದು ಮೌಲ್ಯಮಾಪನದ ಕೊಠಡಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಬಳಿಕ ವಿದ್ಯಾರ್ಥಿ ಸ್ವಂತವಾಗಿ ಮಾಡಿದ ಯಾವುದಾದರೊಂದು ಕೆಲಸವನ್ನು, ಅದು ಊರಿನ ಕೆರೆಯ ನೀರಿನ ಪರೀಕ್ಷೆಯಾಗಿರಲಿ, ಹೊಲದ ಬದುವಿನ ಗಿಡಗಳ ಪಟ್ಟಿಯಾಗಿರಲಿ, ಕೆಟ್ಟ ಉಪಕರಣವೊಂದನ್ನು ದುರಸ್ತಿ ಮಾಡಿದುದಾಗಿರಲಿ, ನೋಡಿ, ಅದರ ಮೇಲೆ ಅರ್ಧ ಗಂಟೆ ಮಾತನಾಡಿಸಬೇಕು. ಮಾತು ಕನ್ನಡದಲ್ಲಿ ನಡೆಯಲು ಅಡ್ಡಿಯಿರಬಾರದು. ಇಲ್ಲವಾದರೆ ನಾವು ಪರೀಕ್ಷಿಸುವುದು ಇಂಗ್ಲಿಷಿನ ನಿರರ್ಗಳತೆಯನ್ನೇ ಹೊರತು ವಿಜ್ಞಾನದ ತಿಳಿವನ್ನಲ್ಲ. ಸಮಿತಿಯಲ್ಲಿ ಬೇರೊಂದು ಕಾಲೇಜಿನ ಒಬ್ಬರಾದರೂ ಇರಬೇಕು. ಕಡೆಯದಾಗಿ, ಈ ವಿದ್ಯಾರ್ಥಿಯನ್ನು ಆರಿಸಿದುದು ಈ ಕಾರಣಕ್ಕೆ ಎಂದು ಹತ್ತು ಸಾಲು ಬರೆದು, ಸದಸ್ಯರೆಲ್ಲ ರುಜು ಮಾಡಿ, ಎಲ್ಲರೂ ಓದುವಂತೆ ಫಲಕದಲ್ಲಿ ಹಾಕಬೇಕು. ಪಕ್ಷಪಾತ ಅಂಜುವುದು ಬರೆದಿಟ್ಟ ಕಾರಣಕ್ಕೆ. ತನ್ನವನೆಂಬ ಕಾರಣವನ್ನು ಯಾರೂ ಫಲಕದಲ್ಲಿ ಬರೆಯಲಾರರು.

ಬಡತನದ ಪ್ರಶ್ನೆಯನ್ನು ಎಚ್ಚರದಿಂದ ನಿಭಾಯಿಸಬೇಕು. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ವೇತನ ದೊರೆಯದೆ ಹೋಗಿದ್ದರೆ, ಪುಣೆಯ ಎಂಜಿನಿಯರಿಂಗ್ ವ್ಯಾಸಂಗ ಅವರಿಗೆ ಕನಸಾಗಿಯೇ ಉಳಿಯುತ್ತಿತ್ತೇನೊ. ಪ್ರತಿಭೆಗೆ ಪ್ರಶಸ್ತಿಯಿಲ್ಲದಿದ್ದರೂ ಅದು ಬಾಳಬಲ್ಲದು. ಊಟವಿಲ್ಲದೆ, ಬಸ್ಸಿನ ಪಾಸಿಲ್ಲದೆ, ಪರೀಕ್ಷಾ ಶುಲ್ಕವಿಲ್ಲದೆ ಬಾಳಲಾರದು. ಆದುದರಿಂದ ಅರ್ಹತೆಯಲ್ಲಿ ಸರಿಸಮಾನರಾದವರ ನಡುವೆ ಅಗತ್ಯವುಳ್ಳವರಿಗೆ ವೇತನ ಸಲ್ಲಬೇಕು, ಅಗತ್ಯವಿಲ್ಲದವರಿಗೆ ಪದಕದ ಗೌರವ ಸಲ್ಲಬೇಕು. ಆ ಅಗತ್ಯವನ್ನು ದಾಖಲೆಗಳಿಂದಲೂ ಅಧ್ಯಾಪಕರ ತಿಳಿವಳಿಕೆಯಿಂದಲೂ ಮರೆಯಲ್ಲಿ ನಿರ್ಧರಿಸಬೇಕೇ ಹೊರತು, ತನ್ನ ಮನೆಯ ಕಷ್ಟವನ್ನು ನಾಲ್ವರ ಮುಂದೆ ವರ್ಣಿಸೆಂದು ಹದಿನೆಂಟು ವರ್ಷದ ಹುಡುಗನನ್ನು ನಿಲ್ಲಿಸಬಾರದು. ಕೊಡುವ ಹಣವನ್ನೂ ವರ್ಷದ ಆರಂಭದಲ್ಲಿ ಕೊಡಬೇಕು. ಶುಲ್ಕ ಕಟ್ಟಲು ಸಾಲ ಮಾಡಿದವನಿಗೆ ವಾರ್ಷಿಕೋತ್ಸವದ ದಿನ ಕೊಡುವ ಚೆಕ್ಕು ಸಭೆಗೆ ಶೋಭೆಯಾಗಬಹುದು, ಅವನ ಬಡ್ಡಿಯನ್ನು ತೀರಿಸದು. ಹಳೆಯ ದತ್ತಿಗಳ ಇಡಿಗಂಟೂ ಇಂದು ಸವಕಲಾಗಿದೆ: ಹತ್ತು ಸಾವಿರ ರೂಪಾಯಿಗೆ ಶೇಕಡಾ ಆರರ ಬಡ್ಡಿಯಂತೆ ವರ್ಷಕ್ಕೆ ಬರುವುದು ಆರುನೂರು ರೂಪಾಯಿ. ದಾನಿಗಳ ವಂಶಸ್ಥರ ಒಪ್ಪಿಗೆ ಪಡೆದು ಇಂಥ ನಾಲ್ಕೈದು ನಿಧಿಗಳನ್ನು ಒಗ್ಗೂಡಿಸಿ, ಎಲ್ಲ ಹೆಸರುಗಳನ್ನೂ ಉಳಿಸಿಕೊಂಡು, ನಿಜವಾಗಿ ಉಪಯುಕ್ತವಾದ ಒಂದು ವೇತನವನ್ನು ಏರ್ಪಡಿಸುವುದು ಸ್ಮರಣೆಗೆ ಅಪಚಾರವಾಗದು.

ಇಷ್ಟೆಲ್ಲ ಮಾಡಿದ ಮೇಲೂ ಸಮಿತಿಗಳು ಎಡವುವುದುಂಟು. 1851ರ ಲಂಡನ್ ಮಹಾಪ್ರದರ್ಶನದ ಉಳಿಕೆ ಹಣದಿಂದ ಏರ್ಪಟ್ಟ ಸಂಶೋಧನ ವೇತನಕ್ಕೆ 1895ರಲ್ಲಿ ನ್ಯೂಜಿಲೆಂಡಿನಿಂದ ಮೊದಲು ಆಯ್ಕೆಯಾದವನು ಮೆಕ್ಲಾರಿನ್ ಎಂಬ ರಸಾಯನಶಾಸ್ತ್ರಜ್ಞ. ಅವನು ಸ್ವಂತ ಕಾರಣಗಳಿಂದ ಬೇಡವೆಂದಾಗ ಅದು ಎರಡನೆಯವನಿಗೆ ಬಂದಿತು. ಆ ಎರಡನೆಯವನು ಅರ್ನೆಸ್ಟ್ ರುದರ್‌ಫರ್ಡ್. ಇದರಿಂದ ಆಯ್ಕೆಯೇ ವ್ಯರ್ಥವೆಂದು ತೀರ್ಮಾನಿಸುವವರು ಅರ್ಧವನ್ನು ಮಾತ್ರ ನೋಡುತ್ತಾರೆ. ಹಡಗಿನ ದಾರಿಯಲ್ಲಿ ವಾರಗಟ್ಟಲೆ ದೂರದಲ್ಲಿದ್ದ ಸಣ್ಣ ಕಾಲೇಜೊಂದರ ಹುಡುಗನ ಕೆಲಸವನ್ನು ಓದಿ, ಇವನೂ ಯೋಗ್ಯನೆಂದು ಪಟ್ಟಿಯಲ್ಲಿ ಬರೆದಿಟ್ಟುದು ಆ ಸಮಿತಿಯೇ. ಆ ಪ್ರಸಂಗ ಕಲಿಸುವುದು ವಿನಯವನ್ನು: ಒಂದೇ ಹೆಸರಿನ ಮೇಲೆ ಎಲ್ಲ ಮಾನ್ಯತೆಯನ್ನೂ ಸುರಿಯದೆ, ಒಬ್ಬರಿಗೆ ಒಂದೇ ದತ್ತಿಯೆಂಬ ಕಟ್ಟಳೆಯಿಂದ ಅದನ್ನು ಹಲವರಿಗೆ ಹಂಚುವುದು ಒಳ್ಳೆಯದೆಂಬುದನ್ನು. ಹತ್ತು ಪದಕಗಳು ಹತ್ತು ಕೊರಳುಗಳಿಗೆ ಹೋದರೆ ಮೊದಲಿಗನ ಕೀರ್ತಿಗೆ ಕುಂದಿಲ್ಲ; ಉಳಿದ ಒಂಬತ್ತು ಮಂದಿಯಲ್ಲಿ ಒಬ್ಬನಾದರೂ, ತನ್ನನ್ನು ಗಮನಿಸಿದವರುಂಟೆಂಬ ಧೈರ್ಯದಿಂದ, ವಿಜ್ಞಾನವನ್ನು ಬಿಟ್ಟುಹೋಗದೆ ಉಳಿದಾನು.

ಹಳೆಯ ದತ್ತಿಪತ್ರಗಳಲ್ಲಿ ದಾನಿಗಳು ಬರೆಸಿದ ಷರತ್ತನ್ನು ಪಾಲಿಸುವುದು ಸಂಸ್ಥೆಗಳ ಕರ್ತವ್ಯ. ಅದನ್ನು ಮೀರಬೇಕೆಂದು ನಾನು ಹೇಳಲಾರೆ. ಆದರೆ ಹೊಸ ದತ್ತಿಗಳು ಪ್ರತಿ ವರ್ಷವೂ ಹುಟ್ಟುತ್ತಿವೆ. ತಂದೆತಾಯಿಗಳ, ಗುರುಗಳ, ಅಕಾಲದಲ್ಲಿ ಅಗಲಿದ ಮಕ್ಕಳ ಹೆಸರಿನಲ್ಲಿ ಹಣವನ್ನು ತಂದು ಪ್ರಾಂಶುಪಾಲರ ಮುಂದಿಡುವವರು, ರೂಢಿಯಂತೆ, ಪ್ರಥಮ ಸ್ಥಾನ ಪಡೆದವರಿಗೆ ಎಂದು ಬರೆಸಿ ಹಿಂದಿರುಗುತ್ತಾರೆ. ಆ ಗಳಿಗೆಯಲ್ಲಿ ಪ್ರಾಂಶುಪಾಲರು ಒಂದು ಪ್ರಶ್ನೆಯನ್ನು ಕೇಳಬೇಕು: ನೀವು ನೆನೆಯುವ ಆ ವ್ಯಕ್ತಿ ಇಂದು ಬದುಕಿದ್ದು ಈ ತರಗತಿಯೊಳಗೆ ಬಂದಿದ್ದರೆ, ಯಾರ ಬೆನ್ನನ್ನು ತಟ್ಟುತ್ತಿದ್ದರು? ಜಾಣನದನ್ನೇ, ಕಷ್ಟದಲ್ಲಿದ್ದವನದನ್ನೇ, ಪ್ರಶ್ನೆ ಕೇಳುವವಳದನ್ನೇ, ಸೋತು ಮತ್ತೆ ಎದ್ದವಳದನ್ನೇ? ದೊರೆತ ಉತ್ತರವನ್ನೇ ದತ್ತಿಪತ್ರದ ಷರತ್ತಾಗಿ ಬರೆಸಬೇಕು. ಹಾಗೆ ಬರೆಸಿದ ಷರತ್ತನ್ನು ಅನ್ವಯಿಸಲು ಅಧ್ಯಾಪಕರು ವರ್ಷಕ್ಕೊಂದು ದಿನ ಕುಳಿತು ಯೋಚಿಸಬೇಕಾಗುತ್ತದೆ, ಜಗಳವಾಡಬೇಕಾಗುತ್ತದೆ, ಒಬ್ಬರನ್ನು ಹೆಸರಿಸಿ ಆ ಹೆಸರಿಗೆ ತಾವು ಹೊಣೆಯಾಗಬೇಕಾಗುತ್ತದೆ. ಈ ಶ್ರಮ ಬೇಡವೆನ್ನುವ ಸಂಸ್ಥೆ ಸ್ಮಾರಕ ದತ್ತಿಯನ್ನು ಸ್ವೀಕರಿಸದಿರುವುದೇ ಲೇಸು. ಅಂಕಗಳನ್ನು ಕೂಡಿ ಮೊದಲಿಗರನ್ನು ಸಾರುವ ಕೆಲಸವನ್ನು ಪರೀಕ್ಷಾ ವಿಭಾಗ ದಾನಿಗಳ ಹಣವಿಲ್ಲದೆಯೇ ಚೆನ್ನಾಗಿ ಮಾಡುತ್ತಿದೆ.